ಹೆಣದ ಲೆಕ್ಕ ಬರೆದೋರು: ಕಮೂನ ‘ಪ್ಲೇಗ್’ ಕಾದಂಬರಿ ಬಗ್ಗೆ ಆಡಿದ ಮಾತು

(ಓದುಗರ ಬಳಗದಲ್ಲಿ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿರೋದ್ರಿಂದ ಮಾತಿನ ಥರಾನೇ ಇದೆ, ಒಂದೆರಡು ಕಡೆ ಅವತ್ತು ಟೈಮ್ ಸಾಲದೆ ಬಿಟ್ಟಿದ್ದನ್ನ ಸೇರಿಸಿದೀನಿ ಅಷ್ಟೇ.)

ಎಲ್ರಿಗೂ ನಮಸ್ಕಾರ. ಒಂದು ನಂಬರ್‌ನಿಂದ ಶುರು ಮಾಡ್ತೀನಿ. 6231. ಇದು ಇಲಿಗಳ ಲೆಕ್ಕ. ಏಪ್ರಿಲ್ 25ನೇ ತಾರೀಕು ಒಂದೇ ದಿನಕ್ಕೆ ಒರಾನ್ ಊರಿನ ಬೀದಿಗಳಲ್ಲಿ ಸತ್ತು ಬಿದ್ದಿದ್ದ ಇಲಿಗಳನ್ನ ಆರಿಸಿ ಸುಟ್ಟಿದ್ದು ಇಷ್ಟು ಅಂತ ರೇಡಿಯೋದಲ್ಲಿ ಹೇಳ್ತಾರೆ, ಆ ಕೊನೇ 31ನ್ನೂ ಬಿಡದೆ. ಅಲ್ಲೀವರೆಗೂ ಜನಕ್ಕೆ ಇಲಿ ಅಂದ್ರೆ ಬರೀ ಅಸಹ್ಯ, ಮುನಿಸಿಪಾಲಿಟಿಯವರು ಏನ್ಮಾಡ್ತಿದಾರೆ ಅಂತ ಗೊಣಗಾಟ, ಅಷ್ಟೇ. ನಂಬರ್ ಕೇಳಿದ ಮೇಲೆ ಹೆದರಿಕೆ ಶುರುವಾಗತ್ತೆ. ಮೂರು ದಿನ ಬಿಟ್ಟು 28ಕ್ಕೆ ಸುಮಾರು ಎಂಟು ಸಾವಿರ. ಊರು ನಡುಗಿ ಹೋಗತ್ತೆ. ಮಾರನೇ ದಿನ ಲೆಕ್ಕ ದಿಢೀರ್ ಅಂತ ಇಳಿಯತ್ತೆ, ಅಬ್ಬಾ ಮುಗೀತು ಅಂತ ಎಲ್ರೂ ಉಸಿರು ಬಿಡ್ತಾರೆ. ಅದೇ ಹೊತ್ತಿಗೆ ಡಾಕ್ಟರ್ ರಿಯೂ ಇರೋ ಬಿಲ್ಡಿಂಗಿನ ಕಾವಲುಗಾರ ಮಿಶೆಲ್, ಕುತ್ತಿಗೇಲಿ, ತೊಡೆಸಂದಿಯಲ್ಲಿ ನೋವೆದ್ದು, ತಲೆ ಬಗ್ಗಿಸ್ಕೊಂಡು, ಒಬ್ಬ ಪಾದ್ರಿಯ ತೋಳು ಹಿಡ್ಕೊಂಡು ಬರ್ತಿರ್ತಾನೆ. ಇಲಿಗಳ ಪಾಳಿ ಮುಗಿದು ಮನುಷ್ಯರದ್ದು ಶುರುವಾಗಿದೆ, ಊರಿಗೆ ಮಾತ್ರ ಇನ್ನೂ ಗೊತ್ತಿಲ್ಲ.

ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂನ ‘ಪ್ಲೇಗ್’ 1947ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಬಂತು. ಇದರ ಬಗ್ಗೆ ಎಲ್ಲಿ ಮಾತು ಬಂದ್ರೂ ಮೊದಲ ಪ್ರಶ್ನೆ ಒಂದೇ, ಪ್ಲೇಗ್ ಅಂದ್ರೆ ಇಲ್ಲಿ ಏನು ಸಾರ್, ನಾಜಿಗಳಾ, ಯುದ್ಧಾನಾ, ಸಾವಾ, ದೇವರಿಲ್ಲದ ಜಗತ್ತಾ? ಆ ಪ್ರಶ್ನೆ ತಪ್ಪಲ್ಲ, ಅದಕ್ಕೆ ಬರ್ತೀನಿ. ಆದ್ರೆ ರೂಪಕ ಕಾದಂಬರಿ ಅಂತ ಹೆಸರಾದ ಪುಸ್ತಕಕ್ಕೆ ಒಂದು ಕಷ್ಟ ಇದೆ ನೋಡಿ, ಜನ ಕೀ ಹುಡುಕ್ತಾರೆ, ಬೀಗ ತೆಗೀತಾರೆ, ಒಳಗೆ ಮಾತ್ರ ಹೋಗೋದೇ ಇಲ್ಲ. ಒಳಗೆ ಹೋದ್ರೆ ಸಿಗೋದು ಫಿಲಾಸಫಿಗಿಂತ ಜಾಸ್ತಿ ಆಫೀಸು. ಫಾರಂ, ರಿಜಿಸ್ಟರ್, ಸರ್ಕ್ಯುಲರ್, ವಾರದ ರಿಪೋರ್ಟು, ಬೆಡ್ಡಿನ ಲೆಕ್ಕ, ಸೀರಂ ಸ್ಟಾಕು. ನನ್ನ ಪ್ರಕಾರ ಇದು ಎಣಿಸೋದರ ಬಗ್ಗೆ ಬರೆದ ಕಾದಂಬರಿ. ಸತ್ತವರನ್ನ ಯಾರು ಎಣಿಸ್ತಾರೆ, ಹೇಗೆ ಎಣಿಸ್ತಾರೆ, ಯಾರನ್ನ ಎಣಿಸೋದೇ ಇಲ್ಲ. ಈ ಕೊನೇದು ಕಮೂಗೂ ತಿರುಗಿ ಬೀಳತ್ತೆ.

ಊರಿನ ಬಗ್ಗೆ ಸ್ವಲ್ಪ. ಒರಾನ್ ಅಲ್ಜೀರಿಯಾದ ಬಂದರು ಪಟ್ಟಣ, ಆಗ ಅದು ಫ್ರಾನ್ಸಿನ ಕೈಲಿತ್ತು. ಕಾದಂಬರಿ ಶುರುವಾಗೋದೇ ಈ ಊರನ್ನ ಬೈಯೋದ್ರಿಂದ, ಇಲ್ಲಿ ಮರ ಇಲ್ಲ, ಪಾರಿವಾಳ ಇಲ್ಲ, ಜನ ಬೆಳಗಿಂದ ಸಂಜೆವರೆಗೂ ವ್ಯಾಪಾರ ಮಾಡ್ತಾರೆ, ಸಂಜೆ ಕೆಫೆ, ಇಸ್ಪೀಟು, ಊರು ಸಮುದ್ರಕ್ಕೆ ಬೆನ್ನು ತಿರುಗಿಸಿ ಕೂತಿದೆ ಅಂತ. ಕಮೂ ಹುಟ್ಟಿದ್ದು 1913ರಲ್ಲಿ ಅಲ್ಜೀರಿಯಾದ ಮೊಂದೋವಿ ಅನ್ನೋ ಕಡೆ. ಅಪ್ಪ ಮಗು ಹುಟ್ಟಿದ ಮಾರನೇ ವರ್ಷಾನೇ ಮೊದಲ ಮಹಾಯುದ್ಧದಲ್ಲಿ ಸತ್ತ. ಅಮ್ಮಂಗೆ ಕಿವಿ ಸರಿಯಾಗಿ ಕೇಳ್ತಿರ್ಲಿಲ್ಲ, ಓದು ಬರಹ ಬರ್ತಿರ್ಲಿಲ್ಲ, ಮನೆಗೆಲಸ ಮಾಡಿ ಸಾಕಿದ್ಲು. ಒರಾನ್ ಅವನ ಹೆಂಡತಿ ಫ್ರಾನ್ಸೀನ್‌ಳ ತವರು, 1941-42ರಲ್ಲಿ ಕಾಯಂ ಕೆಲಸ ಇಲ್ಲದೆ ಅಲ್ಲಿದ್ದ, ಆಗ ಅಲ್ಜೀರಿಯಾದಲ್ಲಿ ಟೈಫಸ್ ಹಬ್ಬಿತ್ತು. ಅಂದ್ರೆ ಅಳಿಯ ಮಾವನ ಮನೆ ಊರನ್ನ ಬೈದಿದ್ದಾನೆ ಅಂತಾನೂ ಓದ್ಕೋಬಹುದು, ಇರ್ಲಿ.

ಇನ್ನೊಂದು ವಿಷಯ ಹೇಳ್ಲೇಬೇಕು. ಕಮೂಗೆ 17ನೇ ವಯಸ್ಸಿಗೇ ಕ್ಷಯ ಬಂದಿತ್ತು, ಫುಟ್ಬಾಲ್ ಗೋಲ್‌ಕೀಪರ್ ಆಗಿದ್ದೋನು ಆಟ ಬಿಡಬೇಕಾಯ್ತು. 1942ರಲ್ಲಿ ಅದು ಮತ್ತೆ ಜೋರಾಗಿ, ಬೆಟ್ಟದ ಗಾಳಿ ಒಳ್ಳೇದು ಅಂತ ಫ್ರಾನ್ಸಿನ ಲ ಪಾನಲಿಯೇ ಅನ್ನೋ ಸಣ್ಣ ಜಾಗಕ್ಕೆ ಹೋದ. ಹೆಂಡತಿ ಟೀಚರ್ ಕೆಲಸಕ್ಕೆ ಅಕ್ಟೋಬರ್‌ನಲ್ಲಿ ಒರಾನ್‌ಗೆ ವಾಪಸ್ ಹೋದ್ಲು, ಇವನು ಹಿಂದೆ ಹೋಗೋದು ಅಂತ ಪ್ಲಾನು. ನವೆಂಬರ್ 8ಕ್ಕೆ ಅಮೆರಿಕ ಬ್ರಿಟನ್ ಸೇನೆ ಉತ್ತರ ಆಫ್ರಿಕಾದಲ್ಲಿ ಇಳೀತು, 11ಕ್ಕೆ ಜರ್ಮನ್ನರು ದಕ್ಷಿಣ ಫ್ರಾನ್ಸನ್ನೂ ಹಿಡ್ಕೊಂಡ್ರು, ದಾರಿ ಬಂದ್. ಅವತ್ತಿನ ನೋಟ್‌ಬುಕ್ಕಿನಲ್ಲಿ ಅವನು ಬರ್ಕೊಂಡಿದ್ದು: ‘ಇಲಿಗಳ ಹಾಗೆ!’ ಫ್ರಾನ್ಸ್ ಬಿಡುಗಡೆ ಆಗೋವರೆಗೂ ಗಂಡ ಹೆಂಡತಿ ಭೇಟಿ ಇಲ್ಲ. ಕಾದಂಬರಿ ಎರಡನೇ ಭಾಗದಲ್ಲಿ ಊರ ಬಾಗಿಲು ಮುಚ್ಚಿದ ಮೇಲೆ ಬರೋ ಅಗಲಿಕೆ ಪುಟಗಳಿವೆಯಲ್ಲ, ಕಾಗದ ಹಾಕೋ ಹಾಗಿಲ್ಲ ಯಾಕಂದ್ರೆ ಕಾಗದದಲ್ಲೂ ರೋಗ ಹೋಗಬಹುದು, ಟ್ರಂಕ್ ಕಾಲ್ ಇಲ್ಲ, ಉಳಿದಿದ್ದು ಟೆಲಿಗ್ರಾಂ ಮಾತ್ರ, ವರ್ಷಗಟ್ಟಲೆ ಸಂಸಾರ ಮಾಡಿದೋರು ‘ಕ್ಷೇಮ, ನಿನ್ನದೇ ಯೋಚನೆ, ಪ್ರೀತಿ’ ಅಂತ ಅದೇ ನಾಲ್ಕು ಮಾತು ಕಳಿಸ್ತಾ ಇರೋದು, ಆ ಪುಟಗಳು ಯಾಕೆ ಅಷ್ಟು ಸುಡ್ತವೆ ಅಂತ ಇದನ್ನ ತಿಳ್ಕೊಂಡ್ರೆ ಗೊತ್ತಾಗತ್ತೆ. ನನಗೆ ಇಡೀ ಪುಸ್ತಕದಲ್ಲಿ ಅವೇ ಬೆಸ್ಟ್ ಪುಟಗಳು, ಪಾದ್ರಿಯ ಭಾಷಣಗಳಿಗಿಂತ.

ಈಗ ಲೆಕ್ಕಕ್ಕೆ ಬರೋಣ.

ಡಾಕ್ಟರ್‌ಗಳ ಮೀಟಿಂಗ್ ಒಂದಿದೆ. ಹಳೇ ಡಾಕ್ಟರ್ ಕಾಸ್ತೆಲ್‌ಗೆ ಇದು ಪ್ಲೇಗ್ ಅಂತ ಗೊತ್ತು, ರಿಯೂಗೂ ಗೊತ್ತು, ಅಧಿಕೃತವಾಗಿ ಹಾಗಂತ ಒಪ್ಕೊಳ್ಳೋಕೆ ಮಾತ್ರ ಉಳಿದೋರು ರೆಡಿ ಇಲ್ಲ. ಡಾಕ್ಟರ್ ರಿಚರ್ಡ್ ಅಂತ ಒಬ್ಬ ಇದಾನೆ, ಡಾಕ್ಟರ್‌ಗಳ ಸಂಘದ ಮುಖಂಡ, ಅವನು ಗಾಬರಿ ಬೇಡ, ಸಾಬೀತಾಗಿಲ್ಲ, ಕಾಯೋಣ ಅಂತ ಎಳೀತಾನೆ. ಕೊನೆಗೆ ಎಲ್ರೂ ಒಪ್ಪಿದ್ದು ಏನಂದ್ರೆ ‘ಈ ರೋಗ ಪ್ಲೇಗ್ ಆಗಿದ್ದಿದ್ರೆ ಹೇಗೋ ಹಾಗೆ ನಡ್ಕೊಳ್ಳೋ ಜವಾಬ್ದಾರಿ ತಗೋಬೇಕು’ ಅಂತ. ಸರ್ಕಾರಿ ಭಾಷೆ ಗೊತ್ತಿರೋರಿಗೆ ಇದನ್ನ ಓದಿ ನಗು ಬರದೇ ಇರಲ್ಲ. ಆಮೇಲೆ ಸಣ್ಣ ಬಿಳೀ ಪೋಸ್ಟರ್ ಪ್ರಿಂಟ್ ಹಾಕಿಸಿ ಯಾರ ಕಣ್ಣಿಗೂ ಬೀಳದಂಥ ಮೂಲೆಗಳಲ್ಲಿ ಅಂಟಿಸ್ತಾರೆ. ಸ್ಪೆಷಲ್ ವಾರ್ಡಿಗೆ 80 ಬೆಡ್ ಹಾಕ್ತಾರೆ, ನೋಡ್ತಾ ನೋಡ್ತಾ ತುಂಬತ್ತೆ. ಕೊನೆಗೊಂದು ದಿನ ಮೇಲಿಂದ ಟೆಲಿಗ್ರಾಂ ಬರತ್ತೆ: ಪ್ಲೇಗ್ ಘೋಷಿಸಿ, ಊರು ಮುಚ್ಚಿ.

ಊರು ಮುಚ್ಚಿ ಮೂರನೇ ವಾರಕ್ಕೆ 302 ಸಾವು ಅಂತ ಅನೌನ್ಸ್ ಆಗತ್ತೆ. ಜನಕ್ಕೆ ಏನೂ ಅನ್ಸಲ್ಲ! ಯಾಕೆ ಅಂತ ಕಮೂ ಕೊಡೋ ಕಾರಣ ಕೇಳಿ. ಎರಡು ಲಕ್ಷ ಜನ ಇರೋ ಊರು ಅದು, ಮಾಮೂಲಿ ವಾರದಲ್ಲಿ ಎಷ್ಟು ಜನ ಸಾಯ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ಹೋಲಿಸೋಕೆ ಇನ್ನೊಂದು ನಂಬರ್ ಇಲ್ಲದಿದ್ರೆ 302 ಅನ್ನೋದು ಜಾಸ್ತೀನೋ ಕಮ್ಮೀನೋ ಹೇಗೆ ಗೊತ್ತಾಗಬೇಕು? ಎಲ್ರೂ ಸಾಯ್ತಾರೆ ಅಂತ ಗೊತ್ತು, ವಾರಕ್ಕೆಷ್ಟು ಅಂತ ಯಾರೂ ಕೇಳಿರಲ್ಲ. ಐದನೇ ವಾರಕ್ಕೆ 321, ಆರನೇ ವಾರಕ್ಕೆ 345 ಆದ್ಮೇಲೇನೇ ಏರ್ತಾ ಇದೆ ಅಂತ ತಲೆಗೆ ಹೋಗೋದು. ಇಲಿ ವಿಷಯದಲ್ಲಿ ಒಂದೇ ನಂಬರಿಗೆ ಹೆದರಿದ ಊರು ಮನುಷ್ಯರ ವಿಷಯದಲ್ಲಿ ಗ್ರಾಫ್ ಕೇಳತ್ತೆ.

ಇನ್ನೂ ಮಜಾ ಮುಂದೆ ಇದೆ. ತಾರೂ ಅಂತ ಒಂದು ಪಾತ್ರ, ಹೋಟೆಲ್‌ನಲ್ಲಿ ಉಳ್ಕೊಂಡಿರೋ ಪರ ಊರೋನು, ಕಂಡಿದ್ದೆಲ್ಲ ನೋಟ್‌ಬುಕ್ಕಲ್ಲಿ ಬರ್ಕೋತಾನೆ. ಅವನು ಗಮನಿಸ್ತಾನೆ, ರೇಡಿಯೋದವರು ವಾರಕ್ಕೆ ಇಷ್ಟು ನೂರು ಸಾವು ಅನ್ನೋದನ್ನ ಬಿಟ್ಟು ದಿನಕ್ಕೆ 92, 107, 120 ಅಂತ ಹೇಳೋಕೆ ಶುರು ಮಾಡಿದಾರೆ. ಅವನ ಟಿಪ್ಪಣಿ ಹೆಚ್ಚುಕಮ್ಮಿ ಹೀಗಿದೆ: 910ಕ್ಕಿಂತ 130 ಸಣ್ಣ ನಂಬರ್ ಅಲ್ವಾ, ಹಾಗಾಗಿ ಪ್ಲೇಗ್ ಮೇಲೆ ಒಂದು ಪಾಯಿಂಟ್ ಗೆದ್ವಿ ಅಂತ ಅಂದ್ಕೊಂಡಿದಾರೆ ಇವ್ರು. ಏಳರಿಂದ ಭಾಗಿಸಿದ್ರೆ ಸಾವು ಕಮ್ಮಿ ಆಗತ್ತೆ! ನಮಗೂ 2021 ನೆನಪಿದೆಯಲ್ಲ. ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಕ್ಸಿಜನ್ ಖಾಲಿಯಾದಾಗ ಮೊದಲು 24 ಜನ ಸತ್ರು ಅಂತ ಬಂತು, ಅದ್ರಲ್ಲಿ ಆಕ್ಸಿಜನ್ ಇಲ್ದೆ ಸತ್ತೋರು ಮೂರೇ ಜನ ಅಂತ ಸರ್ಕಾರದ ಕಡೆಯಿಂದ ಬಂತು, ಆಮೇಲೆ ಹೈಕೋರ್ಟ್ ನೇಮಿಸಿದ ಸಮಿತಿ 36 ಅಂತು. ಮೂರೂ ಸರ್ಕಾರಿ ಕಾಗದದಲ್ಲೇ ಬಂದ ನಂಬರ್‌ಗಳು. ಇದಕ್ಕೆ ನಾನು ಬೇರೆ ಏನೂ ಸೇರಿಸಲ್ಲ.

ರಿಯೂ ಡಾಕ್ಟರ್ ಕಿಟಕಿ ಹತ್ರ ನಿಂತು ಯೋಚಿಸೋ ಒಂದು ಜಾಗ ಇದೆ, ಪುಸ್ತಕದ ಮೊದಲ ಭಾಗದಲ್ಲೇ. ಪ್ಲೇಗ್ ಅನ್ನೋ ಮಾತು ಈಗಷ್ಟೇ ಬಾಯಿಂದ ಬಂದಿದೆ. ಚರಿತ್ರೆಯಲ್ಲಿ ಇದುವರೆಗೂ ಪ್ಲೇಗಿಂದ ಹತ್ತು ಕೋಟಿ ಜನ ಸತ್ತಿದಾರೆ ಅಂತ ಅವನು ಎಲ್ಲೋ ಓದಿರೋದನ್ನ ನೆನಪು ಮಾಡ್ಕೋತಾನೆ. ಹತ್ತು ಕೋಟಿ ಹೆಣ ಅಂದ್ರೆ ಏನು? ಹೆಣಾನ ಕಣ್ಣಾರೆ ನೋಡಿದ್ರೆ ಮಾತ್ರ ಅದಕ್ಕೆ ತೂಕ, ಇಲ್ಲಾಂದ್ರೆ ಬರೀ ಹೊಗೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಂದೇ ದಿನಕ್ಕೆ ಹತ್ತು ಸಾವಿರ ಸತ್ರು ಅಂತ ಪ್ರೊಕೋಪಿಯಸ್ ಅನ್ನೋ ಹಳೇ ಕಾಲದ ಇತಿಹಾಸಕಾರ ಬರೆದಿದಾನೆ. ಹತ್ತು ಸಾವಿರ ಅಂದ್ರೆ ಒಂದು ದೊಡ್ಡ ಥಿಯೇಟರಿನ ಐದು ಪಟ್ಟು ಜನ. ಹಾಗಾದ್ರೆ ಹೀಗೆ ಮಾಡಬೇಕು ಅಂತಾನೆ, ಐದು ಥಿಯೇಟರಿನ ಬಾಗಿಲಲ್ಲಿ ನಿಂತು ಶೋ ಬಿಟ್ಟಾಗ ಹೊರಗೆ ಬರೋ ಜನಾನೆಲ್ಲ ಸೇರಿಸಿ ಊರ ಚೌಕಕ್ಕೆ ಕರ್ಕೊಂಡು ಹೋಗಿ ಅಲ್ಲಿ ರಾಶಿಯಾಗಿ ಸಾಯಿಸಬೇಕು, ಆಗ ಸ್ವಲ್ಪ ಅರ್ಥ ಆಗತ್ತೆ, ಆ ರಾಶೀಲಿ ನಮಗೆ ಗೊತ್ತಿರೋ ಒಂದೆರಡು ಮುಖಾನಾದ್ರೂ ಇಡಬಹುದು. ಆದ್ರೆ ಹತ್ತು ಸಾವಿರ ಮುಖ ಯಾರಿಗೆ ಗೊತ್ತಿರತ್ತೆ? ಇದು ಕ್ರೂರವಾದ ಯೋಚನೆ, ಡಾಕ್ಟರ್ ತಲೇಲಿ ಬರಬಾರದಂಥದ್ದು, ಅದಕ್ಕೇ ಸರಿಯಾಗಿದೆ. ನಂಬರ್ ಮೇಲೆ ಮುಖ ಕೂರಿಸೋಕೆ ಹೋದ್ರೆ ಯಾವಾಗ್ಲೂ ಹೀಗೆ ಅರ್ಧಕ್ಕೇ ನಿಲ್ಲತ್ತೆ.

ಹಾಗಾದ್ರೆ ಲೆಕ್ಕ ಬಿಟ್ಟು ಮುಖ ನೋಡೋಣ ಅಂತ ಕಮೂ ಹೇಳ್ತಾನಾ? ಅಷ್ಟು ಸುಲಭ ಇಲ್ಲ. ರಾಂಬೇರ್ ಅಂತ ಪ್ಯಾರಿಸ್ ಪತ್ರಕರ್ತ ಒಬ್ಬ ಊರಲ್ಲಿ ಸಿಕ್ಕಾಕ್ಕೊಂಡಿದಾನೆ, ಅವನ ಹುಡುಗಿ ಪ್ಯಾರಿಸ್‌ನಲ್ಲಿದಾಳೆ. ನನಗೆ ರೋಗ ಇಲ್ಲ ಅಂತ ಒಂದು ಸರ್ಟಿಫಿಕೇಟ್ ಕೊಡಿ, ಹೋಗ್ತೀನಿ ಅಂತ ರಿಯೂನ ಕೇಳ್ತಾನೆ. ರಿಯೂ ಕೊಡಲ್ಲ, ಈಗಿಲ್ಲ ಸರಿ, ನನ್ನ ಆಫೀಸಿನ ಬಾಗಿಲು ದಾಟೋ ಹೊತ್ತಿಗೆ ಬರಲ್ಲ ಅಂತ ನಾನು ಹೇಗೆ ಬರೆದುಕೊಡ್ಲಿ ಅಂತಾನೆ. ಆಗ ರಾಂಬೇರ್ ಸಿಟ್ಟಿಂದ, ನೀವು ಮಾತಾಡ್ತಿರೋದು ಬರೀ ಅಮೂರ್ತ, ನಿಮಗೆ ಮನುಷ್ಯ ಕಾಣಲ್ಲ ಅಂತಾನೆ. ರಿಯೂಗೆ ಅದು ತಾಗತ್ತೆ. ಹೌದು, ನಾನು ಮಾಡ್ತಿರೋದು ಅಮೂರ್ತಾನೇ ಇರಬಹುದು, ಆದ್ರೆ ಆ ಅಮೂರ್ತ ನಿಮ್ಮನ್ನ ಕೊಲ್ಲೋಕೆ ಶುರು ಮಾಡಿದಾಗ ಅದ್ರ ಜೊತೆ ಹೆಣಗಲೇಬೇಕಲ್ಲ ಅಂತ ಯೋಚಿಸ್ತಾನೆ. ರಾತ್ರಿ ಮನೆಮನೆಗೆ ಹೋಗಿ ರೋಗ ಪತ್ತೆಯಾದ ಕೂಡ್ಲೆ ಆಂಬುಲೆನ್ಸಿಗೆ ಫೋನ್ ಮಾಡಬೇಕು, ಅಮ್ಮಂದಿರು ಬಾಗಿಲಿಗೆ ಅಡ್ಡ ನಿಂತು ಕೂಗಾಡ್ತಾರೆ, ಪೊಲೀಸ್ ಬಂದು ಎಳ್ಕೊಂಡು ಹೋಗ್ತಾರೆ, ಪ್ರತಿ ಸಂಜೆ ಇದೇ. ದಿನಾ ಕರುಣೆ ಪಟ್ರೆ ಕೆಲಸ ನಡೆಯಲ್ಲ ಅಂತ ಅವನಿಗೆ ಗೊತ್ತಾಗಿದೆ, ಕರುಣೆ ಸವೀತಾ ಹೋಗೋದು ಕೂಡ ಒಂದು ಥರ ನಿರಾಳ ಅನ್ಸಿದೆ. ಇಂಥ ಡಾಕ್ಟರನ್ನ ಹೀರೋ ಅನ್ನೋಕೆ ನಾಲಿಗೆ ತಡವರಿಸತ್ತೆ.

ಕಮೂ ಕೂಡ ಅವನನ್ನ ಹೀರೋ ಅನ್ನಲ್ಲ. ನಿಮಗೆ ಒಬ್ಬ ಹೀರೋ ಬೇಕೇ ಬೇಕು ಅಂದ್ರೆ ಇವನನ್ನ ತಗೊಳ್ಳಿ ಅಂತ ಕಥೆ ಹೇಳೋನು ತೋರ್ಸೋದು ಗ್ರಾಂಡ್ ಅನ್ನೋ ಗುಮಾಸ್ತನನ್ನ. ನನಗೆ ಇಷ್ಟವಾದ ಪಾತ್ರ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಸಹಿಸ್ಕೊಳ್ಳಿ. ಜೋಸೆಫ್ ಗ್ರಾಂಡ್ ಮುನಿಸಿಪಾಲಿಟಿಯಲ್ಲಿ ಟೆಂಪರರಿ ಕ್ಲರ್ಕು. ಸೇರಿದ್ದು 22 ವರ್ಷದ ಹಿಂದೆ, ಬೇಗ ಪರ್ಮನೆಂಟ್ ಮಾಡ್ತೀವಿ ಅಂದಿದ್ರು. ದಿನಕ್ಕೆ 62 ಫ್ರಾಂಕ್ 30 ಸೆಂಟೀಮ್ ಸಂಬಳ. ಅರ್ಜಿ ಹಾಕಬಹುದಿತ್ತು, ಆದ್ರೆ ‘ನನ್ನ ಹಕ್ಕು’ ಅಂತ ಬರೆದ್ರೆ ಜಾಸ್ತಿ ಆಯ್ತು ಅನ್ಸತ್ತೆ, ‘ತಾವು ಕೊಟ್ಟ ಮಾತು’ ಅಂದ್ರೆ ಒರಟು ಅನ್ಸತ್ತೆ, ‘ದಯಮಾಡಿ’ ಅನ್ನೋಕೆ ಸ್ವಾಭಿಮಾನ ಬಿಡಲ್ಲ, ಹೀಗೆ ಅರ್ಜಿ ಬರೀಲೇ ಇಲ್ಲ. ಹೆಂಡತಿ ಜಾನ್ ಬಿಟ್ಟು ಹೋದ್ಲು, ಅವಳಿಗೂ ಒಂದು ಕಾಗದ ಬರೀಬೇಕು ಅಂತ ಎಷ್ಟೋ ವರ್ಷದಿಂದ ಇದೆ, ಆಗಿಲ್ಲ. ರಾತ್ರಿ ಹೊತ್ತು ಗುಟ್ಟಾಗಿ ಕಾದಂಬರಿ ಬರೀತಾನೆ. ಬರೆದಿರೋದು ಒಂದೇ ವಾಕ್ಯ! ಮೇ ತಿಂಗಳ ಒಂದು ಚೆಂದದ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಕುದುರೆ ಏರಿ ಪ್ಯಾರಿಸ್‌ನ ಬುಲೋನ್ ಕಾಡಿನ ಹೂದಾರಿಯಲ್ಲಿ ಹೋಗ್ತಿದ್ಲು ಅನ್ನೋ ಥರದ ವಾಕ್ಯ. ಅದನ್ನೇ ತಿದ್ದಿ ತಿದ್ದಿ ಸುಮಾರು 50 ಪುಟ. ಕುದುರೆ ಬಣ್ಣ ಸರಿ ಬಂದಿಲ್ಲ, ಲಯ ಕುದುರೆ ಓಟಕ್ಕೆ ಹೊಂದ್ತಿಲ್ಲ, ಪಬ್ಲಿಷರ್ ಓದಿದ ಕೂಡ್ಲೆ ಎದ್ದು ನಿಂತು ಟೋಪಿ ತೆಗೀಬೇಕು ಅಂತ ಆಸೆ.

ಇಂಥೋನು ಹಗಲು ಆಫೀಸ್ ಮುಗಿಸಿ ಸಂಜೆ ಬಂದು ತಾರೂ ಕಟ್ಟಿದ ಸ್ವಯಂಸೇವಕರ ತಂಡಕ್ಕೆ ಲೆಕ್ಕ ಬರೀತಾನೆ. ರಿಜಿಸ್ಟ್ರೇಷನ್, ಅಂಕಿಅಂಶ, ಕರ್ವ್ ಹಾಕೋದು. ರಿಯೂ ಥ್ಯಾಂಕ್ಸ್ ಹೇಳಿದ್ರೆ ಅವನಿಗೆ ಆಶ್ಚರ್ಯ, ಪ್ಲೇಗ್ ಬಂದಿದೆ, ತಡೀಬೇಕು, ಇದೇನು ಕಷ್ಟದ ಕೆಲಸಾನಾ ಅಂತಾನೆ. ಕಮೂ ಪೂರ್ತಿ ಕಾದಂಬರೀಲಿ ದೊಡ್ಡ ಮಾತು ಆಡೋರನ್ನ ಅನುಮಾನದಿಂದ ನೋಡ್ತಾನೆ, ಒಂದು ವಾಕ್ಯ ಮುಗಿಸೋಕಾಗದ ಈ ಗುಮಾಸ್ತನನ್ನ ಮಾತ್ರ ನಂಬ್ತಾನೆ. ಯಾಕೆ ಅಂತ ನನಗನ್ಸೋದು ಇಷ್ಟು: ತನ್ನ ಅರ್ಜೀಲಿ ಒಂದು ಮಾತು ಹೆಚ್ಚುಕಮ್ಮಿ ಬರೆಯೋಕೆ ಹೆದರೋನು ಸಾವಿನ ಲೆಕ್ಕಾನೂ ಹೆಚ್ಚುಕಮ್ಮಿ ಬರೆಯಲ್ಲ. ಕ್ರಿಸ್ಮಸ್ ಹೊತ್ತಿಗೆ ಅವನಿಗೇ ರೋಗ ಬಡಿಯತ್ತೆ, ಸಾಯ್ತೀನಿ ಅಂತ ಆ 50 ಪುಟ ಸುಡಿಸ್ತಾನೆ, ಬೆಳಿಗ್ಗೆ ನೋಡಿದ್ರೆ ಜ್ವರ ಇಳಿದಿದೆ! ಪ್ಲೇಗ್ ಸೋಲೋಕೆ ಶುರುವಾದ ಮೊದಲ ಗುರುತುಗಳಲ್ಲಿ ಅದೂ ಒಂದು. ಕೊನೇಲಿ ಅವನು ಜಾನ್‌ಗೆ ಕಾಗದ ಬರೆದಿರ್ತಾನೆ, ವಾಕ್ಯಾನೂ ಮತ್ತೆ ಶುರು ಮಾಡಿರ್ತಾನೆ, ವಿಶೇಷಣ ಎಲ್ಲಾ ತೆಗೆದುಹಾಕಿದೆ ಅಂತ ಖುಷಿಯಾಗಿ ಹೇಳ್ತಾನೆ. ಹಾಗೆ ನೋಡಿದ್ರೆ ಕಾದಂಬರಿಯ ಗದ್ಯಾನೂ ಹಾಗೇ ಇದೆ, ಒಣ ಒಣ, ರಿಪೋರ್ಟ್ ಥರ, ಬರೆದಿರೋದು ರಿಯೂನೇ ಅಂತ ಕೊನೇ ಅಧ್ಯಾಯದಲ್ಲಷ್ಟೇ ಒಪ್ಕೋತಾನೆ.

ಹೂಳೋ ಅಧ್ಯಾಯ ಬಗ್ಗೆ ಹೇಳ್ದೆ ಮುಂದೆ ಹೋಗೋಕಾಗಲ್ಲ. ಮೊದಲು ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ, ಮನೆಯವರು ಸಹಿ ಹಾಕ್ಬೇಕು. ಪೆಟ್ಟಿಗೆ ಖಾಲಿಯಾದಾಗ ಅದೇ ಪೆಟ್ಟಿಗೆ ತೊಳೆದು ಮತ್ತೆ ಬಳಸ್ತಾರೆ. ಆಮೇಲೆ ದೊಡ್ಡ ಗುಂಡಿ, ಗಂಡಸರಿಗೊಂದು ಹೆಂಗಸರಿಗೊಂದು, ಮೇಲೆ ಸುಣ್ಣ. ಆಮೇಲೆ ಆ ಮರ್ಯಾದೇನೂ ಹೋಗಿ ಎಲ್ಲಾ ಒಂದೇ ಗುಂಡಿಗೆ. ಆಮೇಲೆ ಊರಾಚೆ ಪೂರ್ವದ ಕಡೆ ಹಳೇ ಸುಡೋ ಜಾಗಕ್ಕೆ ಸೀಟು ಕಿತ್ತ ಟ್ರಾಮ್‌ಗಳಲ್ಲಿ ರಾತ್ರಿ ಸಾಗಿಸ್ತಾರೆ, ಸಮುದ್ರದ ದಂಡೆ ಬಂಡೆಗಳ ಮೇಲೆ ಕತ್ತಲಲ್ಲಿ ನಿಂತು ಜನ ಹೋಗೋ ಟ್ರಾಮ್ ಮೇಲೆ ಹೂವು ಎಸೀತಾರೆ. ಇದರ ನಡುವೆ ಒಂದು ಮಾತು ಬರತ್ತೆ. ಹೂತ ಮಾರನೇ ದಿನ ಮನೆಯವರು ಬಂದು ರಿಜಿಸ್ಟರ್‌ಗೆ ಸಹಿ ಹಾಕ್ತಿದ್ರು, ಮನುಷ್ಯನಿಗೂ ನಾಯಿಗೂ ಇರೋ ವ್ಯತ್ಯಾಸ ಅಲ್ಲಿ ಕಾಣ್ತಿತ್ತು, ಯಾಕಂದ್ರೆ ಲೆಕ್ಕ ತಾಳೆ ನೋಡೋಕೆ ಅವಕಾಶ ಇತ್ತು ಅಂತ. ವ್ಯಂಗ್ಯ ಹೌದು, ಆದ್ರೆ ಪೂರ್ತಿ ವ್ಯಂಗ್ಯ ಅಲ್ಲ. ಎಲ್ಲಾ ಕಳ್ಕೊಂಡ ಮೇಲೆ ಉಳ್ಯೋ ಕೊನೇ ಮರ್ಯಾದೆ ಆ ಸಹಿ.

ಪಾದ್ರಿ ಪಾನಲೂ, ಮಗುವಿನ ಸಾವು, ಇದೆಲ್ಲ ಬಹಳ ಜನ ಮಾತಾಡಿದಾರೆ, ಬೇಗ ಹೇಳ್ತೀನಿ. ಮೊದಲ ಪ್ರವಚನದಲ್ಲಿ ‘ನಿಮಗೆ ಈ ಆಪತ್ತು ತಕ್ಕದ್ದೇ’ ಅಂತ ಗುಡುಗಿದೋನು, ಜಡ್ಜ್ ಒಥೋನ್‌ನ ಚಿಕ್ಕ ಮಗ ಕಾಸ್ತೆಲ್ ತಯಾರಿಸಿದ ಸೀರಂ ಹಾಕಿದ್ರೂ ನರಳಿ ನರಳಿ ಸಾಯೋದನ್ನ ನೋಡಿದ ಮೇಲೆ ಎರಡನೇ ಪ್ರವಚನದಲ್ಲಿ ‘ನೀವು’ ಬಿಟ್ಟು ‘ನಾವು’ ಅಂತಾನೆ. ಆಮೇಲೆ ಅವನೇ ಸಾಯ್ತಾನೆ, ಪ್ಲೇಗಿನ ಲಕ್ಷಣ ಸರಿಯಾಗಿ ಇಲ್ಲ, ಅವನ ಕಾರ್ಡಿನಲ್ಲಿ ‘ಅನುಮಾನದ ಕೇಸು’ ಅಂತ ಬರೀತಾರೆ. ಯಾವ ಕಾಲಂಗೂ ಸೇರದ ಸಾವು. ನನಗೆ ಎರಡು ಪ್ರವಚನಕ್ಕಿಂತ ಆ ಕಾರ್ಡೇ ಜಾಸ್ತಿ ಹೇಳತ್ತೆ.

ಈಗ ರೂಪಕದ ಪ್ರಶ್ನೆ. ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1955ರಲ್ಲಿ ಈ ಪುಸ್ತಕದ ಮೇಲೆ ಒಂದು ಟೀಕೆ ಬರೆದ. ನಾಜಿಗಳನ್ನ ರೋಗಾಣು ಮಾಡಿಬಿಟ್ರೆ ಚರಿತ್ರೆ ಮಾಯ ಆಗತ್ತೆ, ರೋಗಾಣು ಜೊತೆ ಹೋರಾಡೋಕೆ ಡಾಕ್ಟರ್ ಸಾಕು, ಕೊಲ್ಲಬೇಕಾ ಬೇಡ್ವಾ ಅನ್ನೋ ಪ್ರಶ್ನೇನೇ ಬರಲ್ಲ, ಎದುರಾಳಿಗೆ ಮನುಷ್ಯ ಮುಖ ಇದ್ದಾಗ ಏನ್ಮಾಡ್ತೀರಿ ಅನ್ನೋದು ಅದರ ಸಾರ. ಕಮೂ ಉತ್ತರ ಕೊಟ್ಟ, ಇದು ಹಲವು ಪದರಗಳಲ್ಲಿ ಓದೋ ಪುಸ್ತಕ, ಆದ್ರೆ ಅದರ ಕಣ್ಣಿಗೆ ಕಾಣೋ ವಿಷಯ ನಾಜಿಸಂ ವಿರುದ್ಧ ಯುರೋಪಿನ ಪ್ರತಿರೋಧ, ಶತ್ರು ಹೆಸರು ಹೇಳದಿದ್ರೂ ಯುರೋಪಿನ ಎಲ್ಲಾ ದೇಶದಲ್ಲೂ ಜನ ಗುರುತು ಹಿಡಿದ್ರು ಅಂತ. ಬಾರ್ತ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಒರಾನ್‌ನಲ್ಲಿ ಯಾರೂ ಪ್ಲೇಗಿನ ಏಜೆಂಟ್ ಆಗಿ ಪಕ್ಕದ ಮನೆಯೋರನ್ನ ಹಿಡ್ಕೊಡಲ್ಲ, ಫ್ರಾನ್ಸಿನಲ್ಲಿ ಹಿಡ್ಕೊಟ್ಟೋರು ಎಷ್ಟೋ ಜನ ಇದ್ರು. ಕೊತಾರ್ ಅಂತ ಒಬ್ಬ ಬ್ಲ್ಯಾಕ್ ಮಾರ್ಕೆಟ್ ಮಾಡಿ ಪ್ಲೇಗಿಂದ ಚೆನ್ನಾಗೇ ಇರ್ತಾನೆ, ಅಷ್ಟೇ, ಅವನೂ ಪಾಪ ಅನ್ನೋ ಹಾಗೇ ಚಿತ್ರಿಸಿದಾನೆ.

ಇನ್ನರ್ಧ ಬಾರ್ತ್‌ಗೆ ಕಾಣ್ಲಿಲ್ಲ ಅನ್ಸತ್ತೆ. ತಾರೂ ಒಂದು ರಾತ್ರಿ ಮಹಡಿ ಮೇಲೆ ಕೂತು ರಿಯೂಗೆ ತನ್ನ ಕಥೆ ಹೇಳ್ತಾನಲ್ಲ, ಅಪ್ಪ ಸರ್ಕಾರಿ ವಕೀಲ, ಕೋರ್ಟಿನಲ್ಲಿ ಒಬ್ಬ ಆರೋಪಿಗೆ ಮರಣದಂಡನೆ ಕೇಳೋದನ್ನ 17ರ ಹುಡುಗ ನೋಡಿ ಮನೆ ಬಿಟ್ಟ, ಕ್ರಾಂತಿಗೆ ಸೇರಿದ, ಅಲ್ಲಿ ಇವರ ಕಡೆಯವರೂ ಒಳ್ಳೇ ಕಾರಣಕ್ಕೆ ಜನಾನ ಗುಂಡಿಗೆ ನಿಲ್ಲಿಸ್ತಿದ್ರು. ಪ್ಲೇಗ್ ನಮ್ಮೊಳಗೇ ಇದೆ, ರೋಗಾಣು ಸಹಜ, ಬೇರೆಯೋರಿಗೆ ಹಚ್ಚದೇ ಇರೋದಕ್ಕೆ ಮಾತ್ರ ಮೈಯೆಲ್ಲ ಎಚ್ಚರ ಬೇಕು ಅಂತಾನೆ. ಇಲ್ಲಿ ಮನುಷ್ಯ ಮುಖ ಬಂತಲ್ಲ! 1947ರಲ್ಲಿ, ಗೆದ್ದ ಪಕ್ಷದ ಜನಕ್ಕೆ, ನಿಮ್ಮ ಕೈಗೂ ರೋಗ ಅಂಟಿದೆ ಅಂತ ಹೇಳೋಕೆ ಧೈರ್ಯ ಬೇಕಿತ್ತು.

ಆದ್ರೆ ಕಮೂನ ರಿಜಿಸ್ಟರ್‌ನಲ್ಲಿ ಒಂದು ದೊಡ್ಡ ಖಾಲಿ ಜಾಗ ಇದೆ. ರಾಂಬೇರ್ ಒರಾನ್‌ಗೆ ಬಂದಿದ್ದೇ ಅರಬ್ಬರ ಜೀವನಸ್ಥಿತಿ, ಅವರ ಆರೋಗ್ಯದ ಬಗ್ಗೆ ವರದಿ ಮಾಡೋಕೆ. ರಿಯೂ ಕೇಳ್ತಾನೆ, ನೀವು ಪೂರ್ತಿ ಸತ್ಯ ಬರೀಬಲ್ಲಿರಾ, ಸಂಪೂರ್ಣ ಖಂಡನೆ ಬರೀಬಲ್ಲಿರಾ? ಅಷ್ಟು ಆಗಲ್ಲ ಅಂತ ರಾಂಬೇರ್ ಒಪ್ಕೋತಾನೆ. ಹಾಗಾದ್ರೆ ನನ್ನ ಮಾಹಿತಿ ಕೊಡಲ್ಲ ಅಂತ ರಿಯೂ. ಮುಗೀತು. ಅದಾದ್ಮೇಲೆ ಕಾದಂಬರೀಲಿ ಅರಬ್ಬರು ಹೆಚ್ಚುಕಮ್ಮಿ ಇಲ್ಲವೇ ಇಲ್ಲ! ಹೆಸರಿರೋ ಒಬ್ಬ ಅರಬ್ ರೋಗಿ ಇಲ್ಲ, ಸ್ವಯಂಸೇವಕ ಇಲ್ಲ, ಹೆಣ ಇಲ್ಲ. ಆ ಕಾಲದ ಒರಾನ್‌ನಲ್ಲಿ ಯುರೋಪಿಯನ್ನರೇ ಜಾಸ್ತಿ ಇದ್ರು ಅನ್ನೋದು ನಿಜ, ಆದ್ರೂ ಊರ ಅಷ್ಟು ಜನ ಎಲ್ಲಿ ಹೋದ್ರು? ಐರಿಶ್ ಲೇಖಕ ಕಾನರ್ ಕ್ರೂಸ್ ಓಬ್ರಿಯನ್ 1970ರಲ್ಲೇ ಇದನ್ನ ಎತ್ತಿದ, ಆಮೇಲೆ ವಿಮರ್ಶಕ ಎಡ್ವರ್ಡ್ ಸಯೀದ್.

ಇದು ತಿಳೀದೆ ಆಗಿದ್ದು ಅಂತ ಹೇಳೋಕೂ ಆಗಲ್ಲ. 1939ರ ಜೂನ್‌ನಲ್ಲಿ ಕಮೂನೇ ರಾಂಬೇರ್ ಆಗಿದ್ದ. ಅಲ್ಜೀರಿಯಾದ ಕಬೀಲಿಯಾ ಬೆಟ್ಟಸೀಮೆಗೆ ಹೋಗಿ ಅಲ್ಲಿನ ಬಡತನದ ಬಗ್ಗೆ ಪೇಪರ್‌ಗೆ ಸರಣಿ ಲೇಖನ ಬರೆದ, ಕಸದ ಡಬ್ಬಿಗೆ ಮಕ್ಕಳು ನಾಯಿಗಳ ಜೊತೆ ಕಿತ್ತಾಡೋದನ್ನ ನೋಡಿ ಬರೆದ, ಕೂಲಿ ಎಷ್ಟು, ಕಾಳು ಎಷ್ಟು, ಸ್ಕೂಲ್ ಎಷ್ಟು ಅಂತ ಲೆಕ್ಕ ಸಮೇತ ಬರೆದ. ಅಂಥೋನು ಕಾದಂಬರಿ ಬರೆಯೋವಾಗ ಅವರನ್ನ ಒಂದು ಸಂಭಾಷಣೇಲಿ ತಂದು ಅಲ್ಲೇ ಬಿಟ್ಟುಬಿಡ್ತಾನೆ. ರೂಪಕ ಯುರೋಪಿನದ್ದು, ಊರು ಆಫ್ರಿಕಾದ್ದು, ಆ ಸಂದೀಲಿ ಜನ ಬಿದ್ದು ಹೋದ್ರು ಅಂತ ನಾನು ಅರ್ಥ ಮಾಡ್ಕೊಂಡಿದೀನಿ. ಅರ್ಥ ಆಗತ್ತೆ ಅಂದ್ರೆ ಮಾಫಿ ಅಂತ ಅಲ್ಲ.

ಇಲ್ಲಿ ನಮ್ಮವರಿಗೆ ತಕ್ಷಣ ‘ಸಂಸ್ಕಾರ’ ನೆನಪಾಗತ್ತೆ, ಆಗ್ಲೇಬೇಕು. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದೋವಾಗ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ಒಂದು ಸಿನಿಮಾ ನೋಡಿ ಇದನ್ನ ಬರೆಯೋಕೆ ಹೊರಟಿದ್ದು, ಆ ಸಿನಿಮಾನೂ ಪ್ಲೇಗ್ ಕಾಲದ್ದೇ. ಪುಸ್ತಕ 1965ರಲ್ಲಿ ಬಂತು. ಶಿವಮೊಗ್ಗಕ್ಕೆ ಹೋಗಿ ಬಂದ ನಾರಣಪ್ಪ ಜ್ವರ ಬಂದು ಸಾಯ್ತಾನೆ, ಹೆಣ ಯಾರು ಸುಡಬೇಕು ಅಂತ ದೂರ್ವಾಸಪುರದ ಅಗ್ರಹಾರ ಶಾಸ್ತ್ರ ಹುಡುಕ್ತಾ ಕೂರತ್ತೆ, ಇಲಿಗಳು ಹೊರಗೆ ಬಂದು ಬಂದು ಸಾಯ್ತಾವೆ, ಮನೆ ಮೇಲೆ ಹದ್ದು ಕೂರ್ತಾವೆ, ಬ್ರಾಹ್ಮಣರು ಶಂಖ ಜಾಗಟೆ ಹೊಡೆದು ಓಡಿಸ್ತಾರೆ. ಒರಾನ್‌ನಲ್ಲಿ ಎಲ್ರೂ ಎಣಿಸ್ತಾರೆ, ಇಲ್ಲಿ ಯಾರೂ ಎಣಿಸಲ್ಲ. ಆದ್ರೆ ಊರಾಚೆ ದಲಿತರ ಗುಡಿಸಲಲ್ಲೂ ಜನ ಸಾಯ್ತಿದಾರೆ, ಹೆಣದ ಸಮೇತ ಗುಡಿಸಲಿಗೆ ಬೆಂಕಿ ಇಡ್ತಿದಾರೆ ಅನ್ನೋದನ್ನ ಅನಂತಮೂರ್ತಿ ಪುಸ್ತಕದೊಳಗೆ ಬರೀತಾರೆ. ಅಗ್ರಹಾರಕ್ಕೆ ಅದು ಕಾಣಲ್ಲ, ಓದೋನಿಗೆ ಕಾಣತ್ತೆ. ಕಮೂನಲ್ಲಿ ಊರಿಗೂ ಕಾಣಲ್ಲ, ಓದೋನಿಗೂ ಕಾಣಲ್ಲ. ‘ಸಂಸ್ಕಾರ’ ದೊಡ್ಡದು ‘ಪ್ಲೇಗ್’ ಚಿಕ್ಕದು ಅಂತ ನಾನು ಹೇಳ್ತಿಲ್ಲ, ಗ್ರಾಂಡ್‌ನಂಥ ಪಾತ್ರ ‘ಸಂಸ್ಕಾರ’ದಲ್ಲಿ ಇಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನಮ್ಮ ಪುಸ್ತಕದ ಕಣ್ಣು ಚುರುಕು.

ಮಾತು ಮುಗಿದ ಮೇಲೆ ಒಂದೆರಡು ಪ್ರಶ್ನೆ ಬಂದವು. ಒಬ್ರು ಕೇಳಿದ್ರು, ಕೊನೇಲಿ ರೋಗಾಣು ಸಾಯಲ್ಲ, ಬಟ್ಟೆಬರೆ ಪೆಟ್ಟಿಗೆಗಳಲ್ಲಿ ವರ್ಷಗಟ್ಟಲೆ ಮಲಗಿರತ್ತೆ, ಮತ್ತೆ ಒಂದು ದಿನ ಇಲಿಗಳನ್ನ ಎಬ್ಬಿಸತ್ತೆ ಅಂತ ಬರತ್ತಲ್ಲ, ಅದು ಫ್ಯಾಸಿಸಂ ಬಗ್ಗೇನೇ ತಾನೆ ಅಂತ. ಹೌದು, ಹಾಗೆ ಓದಬಹುದು. ಜೊತೆಗೆ ಇದನ್ನೂ ಹೇಳ್ದೆ, 2003ರಲ್ಲಿ ಒರಾನ್ ಹತ್ರದ ಹಳ್ಳೀಲಿ ನಿಜವಾದ ಪ್ಲೇಗ್ ಬಂತು, ಅಲ್ಜೀರಿಯಾದಲ್ಲಿ ಸುಮಾರು 50 ವರ್ಷ ಕಾಣಿಸದೇ ಇದ್ದದ್ದು. ಅಂದ್ರೆ ಆ ಸಾಲಿಗೆ ಅಕ್ಷರದ ಅರ್ಥಾನೂ ಇದೆ.

ಇನ್ನೊಬ್ರು, ಹಿಂದೆ ಕೂತಿದ್ದ ಹುಡುಗಿ, ಫ್ರೆಂಚ್ ಬರಲ್ಲ, ಯಾವ ಇಂಗ್ಲಿಷ್ ಅನುವಾದ ಓದ್ಲಿ ಅಂದ್ರು. ಸ್ಟುವರ್ಟ್ ಗಿಲ್ಬರ್ಟ್ ಮಾಡಿದ್ದು 1948ರದ್ದು, ಎಲ್ಲಾ ಕಡೆ ಸಿಗತ್ತೆ, ಆದ್ರೆ ಕಮೂ ಒಣಗಿಸಿ ಬರೆದ ಕಡೆ ಅವನು ಸ್ವಲ್ಪ ಶೃಂಗಾರ ಮಾಡ್ತಾನೆ. ರಾಬಿನ್ ಬಸ್ ಮಾಡಿದ್ದು 2001ರದ್ದು, ಲಾರಾ ಮ್ಯಾರಿಸ್ ಮಾಡಿದ್ದು 2021ರದ್ದು, ಎರಡರಲ್ಲಿ ಯಾವುದಾದ್ರೂ ತಗೊಳ್ಳಿ. ಒಂದೇ ಮಾತು, ಬೇಜಾರಾಯ್ತು ಅಂತ ಮೂರನೇ ಭಾಗ ಬಿಡಬೇಡಿ, ಅದು ಐದರಲ್ಲಿ ಅತಿ ಚಿಕ್ಕದು, ಕಥೆ ಏನೂ ಮುಂದೆ ಹೋಗಲ್ಲ, ಬರೀ ಪೆಟ್ಟಿಗೆ, ಗುಂಡಿ, ಟ್ರಾಮ್. ನಾನು ಇಷ್ಟೊತ್ತು ಹೇಳಿದ್ದರಲ್ಲಿ ಅರ್ಧ ಅಲ್ಲಿಂದ ಬಂದಿದ್ದೇ.